ಚೂರುಬಟ್ಟೆಯಿಂದ ಕೌದಿ

ಬಟ್ಟೆ ಹೊಲಿಯುವವರ ಅಂಗಡಿ ಕೆರಾಡಿಯಲ್ಲಿರಲಿ, ಕಲಬುರಗಿಯಲ್ಲಿರಲಿ, ಕತ್ತರಿಯ ಕೆಳಗೆ ಚೂರುಗಳು ಬೀಳುತ್ತಲೇ ಇರುತ್ತವೆ. ಮನೆಯಲ್ಲಿಯೂ ಹರಿದ ಸೀರೆ, ಸವೆದ ಪಂಚೆ, ಮಕ್ಕಳಿಗೆ ಗಿಡ್ಡವಾದ ಅಂಗಿಗಳು ಕೂಡಿಬೀಳುತ್ತವೆ. ಇವನ್ನು ಜೋಡಿಸಿ ಹೊಲಿದ ಹೊದಿಕೆಯನ್ನು ಉತ್ತರ ಕರ್ನಾಟಕದ ಜನರು ಕೌದಿ ಎನ್ನುತ್ತಾರೆ.

ಸೂಜಿ ಹಿಡಿಯುವ ಮೊದಲೇ ಕೌದಿಯ ಬಾಳಿಕೆ ನಿರ್ಧಾರವಾಗುತ್ತದೆ. ಅದಕ್ಕೆ ಆಧಾರ ಚೂರುಗಳ ವಿಂಗಡಣೆ. ಮೊದಲು ಎಲ್ಲವನ್ನೂ ಒಗೆದು ಬಿಸಿಲಿನಲ್ಲಿ ಒಣಗಿಸಬೇಕು. ಹೊಸ ಹತ್ತಿಬಟ್ಟೆ ಒಗೆದಾಗ ಕುಗ್ಗುವುದುಂಟು, ಬಣ್ಣ ಬಿಡುವುದೂ ಉಂಟು. ಅದನ್ನು ಒಗೆಯದೆ ಹೊಲಿದರೆ ಕೌದಿ ಮುಂದೆ ಸುಕ್ಕುಗಟ್ಟುತ್ತದೆ. ಒಂದರ ಬಣ್ಣ ಇನ್ನೊಂದಕ್ಕೆ ಹತ್ತುತ್ತದೆ. ಅನಂತರ ಗುಂಡಿ, ಕೊಕ್ಕೆಗಳನ್ನು ಕಳಚಿ, ದಪ್ಪ ಹೊಲಿಗೆಗಳನ್ನು ಬಿಚ್ಚಬೇಕು. ಹತ್ತಿಬಟ್ಟೆಯನ್ನು ಒಂದು ಗಂಟಿನಲ್ಲಿಯೂ ಪಾಲಿಯೆಸ್ಟರ್ ಮೊದಲಾದ ಕೃತಕ ನೂಲಿನ ಬಟ್ಟೆಯನ್ನು ಇನ್ನೊಂದರಲ್ಲಿಯೂ ಕಟ್ಟಿಡಬೇಕು. ಹತ್ತಿ ಬೆವರನ್ನು ಹೀರುತ್ತದೆ. ಕೃತಕ ನೂಲು ಅಷ್ಟು ಹೀರದು. ಬೆಳಕಿಗೆ ಹಿಡಿದು ನೋಡಿದರೆ ಬಟ್ಟೆ ಎಷ್ಟು ಸವೆದಿದೆಯೆಂದು ತಿಳಿಯುತ್ತದೆ. ಸವೆದು ಮೆತ್ತಗಾದ ಸೀರೆಗಳು ಒಳಪದರಕ್ಕೆ, ಗಟ್ಟಿಯಾದವು ಅಂಚಿಗೆ, ಅಗಲವಾದವು ಮೇಲ್ಮೈಗೆ ಸಲ್ಲುತ್ತವೆ. ಬಣ್ಣ ಹೊಂದಿಸುವ ಕೆಲಸ ಕೊನೆಯದು.

ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡ ತಾಲೂಕುಗಳ ಸಿದ್ದಿ ಮಹಿಳೆಯರು ಈ ಕಲೆಯಲ್ಲಿ ನುರಿತವರು. ಸಿದ್ದಿಗಳ ಪೂರ್ವಜರು ಆಫ್ರಿಕದವರು. ಅವರಲ್ಲಿ ಅನೇಕರನ್ನು ಪೋರ್ಚುಗೀಸರು ಗುಲಾಮರನ್ನಾಗಿ ಗೋವೆಗೆ ತಂದಿದ್ದರು. ಈ ಮಹಿಳೆಯರು ಹಳೆಯ ಸೀರೆಯನ್ನು ಹಾಸಿ, ಮೂಲೆಯಿಂದ ಆರಂಭಿಸಿ, ಅಂಚನ್ನು ಸುತ್ತುತ್ತ ನಡುವಿನವರೆಗೆ ಹೊಲಿಯುತ್ತಾರೆ. ಒತ್ತೊತ್ತಾದ ಹೊಲಿಗೆಯ ಸಾಲುಗಳು ಚೂರುಗಳನ್ನೂ ಪದರಗಳನ್ನೂ ಒಟ್ಟಿಗೆ ಬಿಗಿಯುತ್ತವೆ. ಕೊನೆಯಲ್ಲಿ ಮೂಲೆಗಳಿಗೆ ಮುಮ್ಮೂಲೆಯಾಗಿ ಮಡಿಸಿದ ಚೂರುಗಳನ್ನು ಸೇರಿಸುತ್ತಾರೆ. ಇವುಗಳ ಹೆಸರು ‘ಫುಲ’, ಎಂದರೆ ಹೂವು. ಫುಲವಿಲ್ಲದ ಹೊದಿಕೆ ಅವರ ಕಣ್ಣಿಗೆ ಬೆತ್ತಲೆ. ಬೇರೆಲ್ಲಿಯೂ ಸಲ್ಲದ ಅಂಗೈಯಗಲದ ಚೂರಿಗೂ ಹೀಗೆ ಗೌರವದ ಸ್ಥಾನ ದೊರೆಯುತ್ತದೆ. 2011ರಲ್ಲಿ ಅಮೆರಿಕದಲ್ಲಿ ಈ ಹೊದಿಕೆಗಳ ಪ್ರದರ್ಶನ ನಡೆಯಿತು.

ಇಂದು ಅಂಗಡಿಯಲ್ಲಿ ಅಗ್ಗದ ಹೊದಿಕೆಗಳು ಸಿಗುತ್ತವೆ. ಮನೆಗಳಲ್ಲಿ ಹತ್ತಿಯ ಸೀರೆಗಳು ವಿರಳವಾಗುತ್ತಿವೆ. ಹಲವು ದಿನ ದುಡಿದು ಹೊಲಿದ ಕೌದಿಗೆ ದುಡಿಮೆಗೆ ತಕ್ಕ ಬೆಲೆ ಸಿಗುವುದು ಕಷ್ಟ. ಯಾವ ಚೂರು ಎಲ್ಲಿಗೆ ಸಲ್ಲುತ್ತದೆಂಬ ತಿಳಿವಳಿಕೆ ಅಜ್ಜಿಯಿಂದ ಮೊಮ್ಮಗಳಿಗೆ, ಕೈಯಿಂದ ಕೈಗೆ ಬಂದದ್ದು. ಒಂದು ತಲೆಮಾರು ಅದನ್ನು ಕಲಿಯದೆ ಹೋದರೆ, ಮುಂದಿನವರಿಗೆ ಕಲಿಸಲು ಯಾರೂ ಉಳಿಯರು. ಆದುದರಿಂದ ಮನೆಯಲ್ಲಿ ಹಳೆಯ ಬಟ್ಟೆಯ ಗಂಟನ್ನು ಬಿಚ್ಚುವಾಗ ನೀವೂ ಹಿರಿಯರ ಪಕ್ಕದಲ್ಲಿ ಕುಳಿತುಕೊಳ್ಳಿ. ಚೂರುಗಳನ್ನು ವಿಂಗಡಿಸುವುದನ್ನು ಹುಡುಗರೂ ಹುಡುಗಿಯರೂ ಕಲಿಯಬಹುದು. ಕೌದಿಯ ಮೊದಲ ಪಾಠವೇ ಅದು.