ಪಿಕಪ್ ಗಾಡಿಯ ಹೊರಸಲಕರಣೆಗಳೂ ತುಕ್ಕಿನ ನಿವಾರಣೆಯೂ

ಲೋಹಗಳಿಗೂ ಮಲವುಂಟೆಂಬುದನ್ನು ನಮ್ಮ ಪೂರ್ವಿಕರು ಚೆನ್ನಾಗಿ ಅರಿತಿದ್ದರು. ಅಮರಕೋಶದಲ್ಲಿ ಕಬ್ಬಿಣದ ಮಲಕ್ಕೆ ‘ಮಂಡೂರ’ವೆಂಬ ಪ್ರತ್ಯೇಕ ನಾಮವೇ ಇದೆ. ಶಾಲೆಯಲ್ಲಿ ಬಹುಕಾಲ ಈ ಶಬ್ದವನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿದ ನಾವು, ಮನೆಯ ಗಾಡಿಗೆ ಹಿಡಿದ ಮಂಡೂರವನ್ನು ಮಾತ್ರ ಗುರುತಿಸಲಾರದೆ ಹೋದೆವು. ಆ ತಪ್ಪಿನ ಫಲವನ್ನು ಬೇರೊಬ್ಬನು ಅನುಭವಿಸಬೇಕಾಯಿತು. ವಾಚಕರ ಮನೆಗಳಲ್ಲಿ ಹಾಗಾಗದಿರಲೆಂದು ಈ ನಾಲ್ಕು ಮಾತು.

ನಮ್ಮ ಸೋದರಳಿಯನು ಉಡುಪಿ ಜಿಲ್ಲೆಯ ಕಡಲ ತಡಿಯಲ್ಲಿದ್ದು, ತೆಂಗಿನಕಾಯಿ ಸಾಗಿಸಲು ಒಂದು ಪಿಕಪ್ ಇಟ್ಟುಕೊಂಡಿದ್ದಾನೆ. ಆಯುಧಪೂಜೆಯ ಮುನ್ನಾದಿನ ಗಾಡಿಯನ್ನು ತೊಳೆಯುವಾಗ, ಹತ್ತುವುದಕ್ಕೆ ಕಾಲಿಡುವ ಫುಟ್‌ಬೋರ್ಡಿನ ಅಂಚಿನಲ್ಲಿ ಬಣ್ಣವು ಬೊಕ್ಕೆಗಳಂತೆ ಉಬ್ಬಿದ್ದುದು ಕಂಡಿತು. “ಹಬ್ಬಕ್ಕೆ ಚೆನ್ನಾಗಿ ಕಾಣಲಿ, ಮೇಲೊಂದು ಕೈ ಬಣ್ಣ ಬಳಿದುಬಿಡು” ಎಂದವರು ನಾವೇ. ಮುಂದಿನ ಆಷಾಢದಲ್ಲಿ, ಮೂಟೆ ಹೊತ್ತು ಹತ್ತುತ್ತಿದ್ದಾಗ ಆ ಫುಟ್‌ಬೋರ್ಡು ಮುರಿದು, ಅವನು ಬಿದ್ದು ಪಾದದ ಗಂಟಿನ ಮೂಳೆ ಮುರಿಯಿತು. “ಬಣ್ಣ ಹೊಸದಾಗಿಯೇ ಇತ್ತಲ್ಲ, ಮಾವ!” ಎಂದು ಅವನು ಹಾಸಿಗೆಯಿಂದ ಕೇಳಿದಾಗ ನಮಗೆ ಉತ್ತರ ತೋಚಲಿಲ್ಲ. ಮುರಿದ ತುಂಡನ್ನು ನೋಡಿದರೆ, ಮೆರುಗಿನ ಬಣ್ಣದ ಕೆಳಗೆ ತಗಡು ಹಪ್ಪಳದಷ್ಟು ತೆಳುವಾಗಿದ್ದಿತು.

ತುಕ್ಕು ಹುಟ್ಟುವುದಕ್ಕೆ ಕಬ್ಬಿಣ, ನೀರು, ಆಮ್ಲಜನಕ ಈ ಮೂರೂ ಕೂಡಬೇಕು. ಉಪ್ಪು ಬೆರೆತ ನೀರಿನಲ್ಲಿ ವಿದ್ಯುತ್ಕಣಗಳು ಸುಲಭವಾಗಿ ಚಲಿಸುವುದರಿಂದ ಈ ಕ್ರಿಯೆ ಬಹಳ ವೇಗವಾಗಿ ನಡೆಯುತ್ತದೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುವ, ಉಪ್ಪುಗಾಳಿ ಬೀಸುವ ನಮ್ಮ ಕರಾವಳಿಯಲ್ಲಿ ಇವೆಲ್ಲವೂ ಸದಾ ಸಿದ್ಧವಾಗಿರುತ್ತವೆ. ತುಕ್ಕು ತಾನು ನುಂಗಿದ ಕಬ್ಬಿಣಕ್ಕಿಂತ ಹೆಚ್ಚು ಸ್ಥಳವನ್ನು ಆಕ್ರಮಿಸುತ್ತದೆ; ಬಣ್ಣವು ಬೊಕ್ಕೆಯೇಳುವುದು ಇದರಿಂದಲೇ. ಕೊಂಡಮೇಲೆ ಜೋಡಿಸಿದ ಕ್ಯಾರಿಯರ್, ಏಣಿ, ಫುಟ್‌ಬೋರ್ಡುಗಳಲ್ಲಿ ರೋಗವು ಸಾಮಾನ್ಯವಾಗಿ ಬೋಲ್ಟಿಗಾಗಿ ಕೊರೆದ ತೂತಿನ ಅಂಚಿನಲ್ಲಿಯೂ ಬೆಸುಗೆಯಲ್ಲಿಯೂ ಮೊದಲಾಗುತ್ತದೆ.

ಚಿಕಿತ್ಸೆಗೆ ಮೊದಲು ಪರೀಕ್ಷೆ ಮಾಡತಕ್ಕದ್ದು. ಸಣ್ಣ ಸುತ್ತಿಗೆಯಿಂದ ತಟ್ಟಿದರೆ ಗಟ್ಟಿ ಲೋಹವು ಕಣಕಣಿಸುತ್ತದೆ. ಸವೆದದ್ದು ಮಂಕಾಗಿ ಸದ್ದು ಮಾಡುತ್ತದೆ. ಸ್ಕ್ರೂಡ್ರೈವರಿನ ತುದಿಯಿಂದ ಒತ್ತಿದಾಗ ಒಳಸರಿದರೆ, ಆ ಭಾಗಕ್ಕೆ ಬಣ್ಣವು ಔಷಧವಲ್ಲ. ಜನರ ಕಾಲನ್ನಾಗಲಿ ಹೊರೆಯನ್ನಾಗಲಿ ತಾಳಬೇಕಾದ ಫುಟ್‌ಬೋರ್ಡು, ಏಣಿ, ಎಳೆಯುವ ಕೊಕ್ಕೆ ಇವು ತೆಳುವಾಗಿದ್ದರೆ ಬದಲಾಯಿಸುವುದೊಂದೇ ದಾರಿ.

ಲೋಹ ಗಟ್ಟಿಯಾಗಿದ್ದು ತುಕ್ಕು ಮೇಲ್ಮೈಯಲ್ಲಿ ಮಾತ್ರ ಇದ್ದರೆ, ಸಿಹಿನೀರಿನಿಂದ ಉಪ್ಪನ್ನೂ ಕೆಸರನ್ನೂ ತೊಳೆದು ಒಣಗಿಸಬೇಕು. ಕಣ್ಣಿಗೆ ಕನ್ನಡಕ, ಮೂಗಿಗೆ ಬಟ್ಟೆ ಕಟ್ಟಿಕೊಂಡು ತಂತಿಯ ಬ್ರಷ್ಷಿನಿಂದ ಕೆರೆದು, 80ನೆಯ ನಂಬರಿನ ಎಮರಿ ಕಾಗದದಿಂದಲೂ ಅನಂತರ 120ರದರಿಂದಲೂ ಉಜ್ಜಬೇಕು. ಹೊಳೆಯುವ ಲೋಹ ಕಂಡ ದಿನವೇ ಪ್ರೈಮರ್ ಬಳಿಯತಕ್ಕದ್ದು. ತೇವದ ಗಾಳಿಯಲ್ಲಿ ಒಂದು ರಾತ್ರಿ ಬಿಟ್ಟರೂ ತುಕ್ಕು ಮರಳಿ ಬರುತ್ತದೆ. ಸತುವಿನ ಅಂಶವುಳ್ಳ ಪ್ರೈಮರ್ ಕರಾವಳಿಗೆ ಒಳ್ಳೆಯದು. ಅದು ಒಣಗಿದ ಮೇಲೆ ಎನಾಮಲ್ ಬಣ್ಣವನ್ನು ತೆಳುವಾಗಿ ಎರಡು ಸಲ ಕೊಡಬೇಕು.

ಕುಳಿಗಳಲ್ಲಿ ಉಳಿದ ತುಕ್ಕಿಗೆ ‘ರಸ್ಟ್ ಕನ್ವರ್ಟರ್’ ಎಂಬ ದ್ರವವು ಅಂಗಡಿಗಳಲ್ಲಿ ದೊರೆಯುತ್ತದೆ. ಇಂಥವುಗಳಲ್ಲಿ ಹಲವಕ್ಕೆ ಟ್ಯಾನಿಕ್ ಆಮ್ಲವೇ ಜೀವಾಳ. ಅಳಲೆಕಾಯಿಯ ಚೊಗರಿಗೆ ಅನ್ನಭೇದಿ ಬೆರೆಸಿ ಹಿಂದಿನವರು ಶಾಯಿ ಕಾಯಿಸುತ್ತಿದ್ದುದು ಹಿರಿಯ ವಾಚಕರಿಗೆ ನೆನಪಿರಬಹುದು. ಕಬ್ಬಿಣವೂ ಚೊಗರೂ ಕೂಡಿ ಕಪ್ಪಾಗುವ ಅದೇ ಗುಣದಿಂದ ಇಲ್ಲಿಯೂ ಕೆಂಪು ತುಕ್ಕು ಕರಿಯ, ಸ್ಥಿರವಾದ ಪದರವಾಗುತ್ತದೆ. ಅದರ ಮೇಲೂ ಬಣ್ಣ ಬೇಕೇ ಬೇಕು.

ಕ್ರೋಮಿನ ಹೊಳಪುಳ್ಳ ಭಾಗಗಳಿಗೆ ಎಮರಿ ಸಲ್ಲದು. ಅಲ್ಯೂಮಿನಿಯಮ್ ಹಾಳೆಯನ್ನು ಮುದ್ದೆಮಾಡಿ, ನೀರಿನಲ್ಲಿ ಅದ್ದಿ ಮೆಲ್ಲನೆ ತಿಕ್ಕಿದರೆ ಕಲೆ ಹೋಗುತ್ತದೆ. ಸ್ಟೇನ್‌ಲೆಸ್ ಕಂಬಿಗಳನ್ನು ಕಬ್ಬಿಣದ ನಾರಿನಿಂದ ತಿಕ್ಕಿದರೆ, ಅದರ ಕಣಗಳು ಅಲ್ಲಿಯೇ ಉಳಿದು ತಾವೇ ತುಕ್ಕಾಗುತ್ತವೆ. ಕೊಳವೆಯಾಕಾರದ ಕ್ಯಾರಿಯರುಗಳಲ್ಲಿ ನೀರು ಹರಿದುಹೋಗುವ ತೂತು ಮುಚ್ಚದಂತೆ ನೋಡಿಕೊಳ್ಳಬೇಕು. ಅವು ಕೊಳೆಯುವುದು ಒಳಗಿನಿಂದ. ಸುಟ್ಟ ಎಂಜಿನ್ ಎಣ್ಣೆಯನ್ನು ಬಳಿಯುವ ರೂಢಿಯು ರಬ್ಬರಿಗೂ ಬಾವಿಯ ನೀರಿಗೂ ಕೇಡು. ಮುಂಭಾಗದ ದಪ್ಪ ಕಾವಲು ಕಂಬಿಯನ್ನಂತೂ ದುರಸ್ತಿ ಮಾಡುವ ಗೋಜೇ ಬೇಡ. ಅಂಥವುಗಳನ್ನು ಜೋಡಿಸುವುದು ನಿಯಮಬಾಹಿರವೆಂದು ಕೇಂದ್ರ ಸಾರಿಗೆ ಸಚಿವಾಲಯವು 2017ರ ಡಿಸೆಂಬರಿನಲ್ಲಿ ರಾಜ್ಯಗಳಿಗೆ ತಿಳಿಸಿದೆ.

ಅಳಿಯನ ಕಾಲು ಈಗ ಕೂಡಿಕೊಂಡಿದೆ. ಗಾಡಿಗೆ ಹೊಸ ಫುಟ್‌ಬೋರ್ಡು ಬಂದಿದೆ. ಮಳೆಗಾಲದ ಮೊದಲೊಮ್ಮೆ, ಆಯುಧಪೂಜೆಗೆ ಮೊದಲೊಮ್ಮೆ ನಾವಿಬ್ಬರೂ ಸುತ್ತಿಗೆ ಹಿಡಿದು ಗಾಡಿಯನ್ನು ಸುತ್ತಿಬರುತ್ತೇವೆ. ತಟ್ಟಿ ನೋಡಿದ ಬಳಿಕವೇ ಅದಕ್ಕೆ ಕುಂಕುಮ, ಹೂವು.