ಮಕ್ಕಳೂ ವೃಕ್ಷಸಂರಕ್ಷಣೆಯೂ

ಪ್ರತಿವರ್ಷವೂ ಮಳೆಗಾಲವು ಕಾಲಿಡುವ ಹೊತ್ತಿಗೆ ನಮ್ಮ ದೇಶದ ಪಾಠಶಾಲೆಗಳಲ್ಲಿ ಸಸಿ ನೆಡುವ ಉತ್ಸವವು ನಡೆಯುತ್ತದೆ. ೧೯೫೦ನೆಯ ಇಸವಿಯಲ್ಲಿ, ಆಗ ಕೇಂದ್ರ ಸರ್ಕಾರದ ಆಹಾರ ಮತ್ತು ಕೃಷಿ ಸಚಿವರಾಗಿದ್ದ ಶ್ರೀ ಕೆ. ಎಂ. ಮುನ್ಷಿಯವರು ವನಮಹೋತ್ಸವವೆಂಬ ಹೆಸರಿನಿಂದ ಜುಲೈ ತಿಂಗಳಿನಲ್ಲಿ ಈ ಪದ್ಧತಿಯನ್ನು ಆರಂಭಿಸಿದರು. ೧೯೭೨ರಲ್ಲಿ ಸ್ವೀಡನ್ ದೇಶದ ಸ್ಟಾಕ್‌ಹೋಮ್ ನಗರದಲ್ಲಿ ಲೋಕದ ನಾನಾ ರಾಷ್ಟ್ರಗಳ ಪ್ರತಿನಿಧಿಗಳು ಸಭೆ ಸೇರಿದ ತರುವಾಯ, ಜೂನ್ ೫ನೆಯ ತಾರೀಖನ್ನು ವಿಶ್ವಪರಿಸರ ದಿನವೆಂದು ವಿಶ್ವಸಂಸ್ಥೆಯು ಗೊತ್ತುಪಡಿಸಿತು. ೧೯೯೧ರಲ್ಲಿ ಎಂ. ಸಿ. ಮೆಹ್ತಾ ಎಂಬ ನ್ಯಾಯವಾದಿಗಳ ಅರ್ಜಿಯ ಮೇಲೆ ನಮ್ಮ ಸರ್ವೋಚ್ಚ ನ್ಯಾಯಾಲಯವು ಪರಿಸರ ವಿಷಯವನ್ನು ವಿದ್ಯಾಶಾಲೆಗಳಲ್ಲಿ ಕಡ್ಡಾಯವಾಗಿ ಬೋಧಿಸತಕ್ಕದ್ದೆಂದು ನಿರ್ದೇಶವಿತ್ತಿತು. ಹೀಗೆ ಉತ್ಸವವೂ ಉಂಟು, ಪಾಠವೂ ಉಂಟು. ಆದರೂ ಈ ಎರಡರಿಂದ ನಮ್ಮ ಮಕ್ಕಳಲ್ಲಿ ಗಿಡಮರಗಳ ಮೇಲೆ ನಿಜವಾದ ಮಮತೆ ಹುಟ್ಟಿದೆಯೇ ಎಂಬುದನ್ನು ವಾಚಕರು ತಮ್ಮ ತಮ್ಮ ಮನೆಗಳಲ್ಲಿಯೇ ಪರೀಕ್ಷಿಸಿ ನೋಡಬೇಕೆಂದು ನಾವು ಬೇಡುತ್ತೇವೆ.

ನಾವು ಬಲ್ಲ ಒಂದು ಪಾಠಶಾಲೆಯ ಅಂಗಳದಲ್ಲಿ ವರ್ಷವರ್ಷವೂ ಒಂದೇ ಸಾಲು ಗುಂಡಿಗಳಲ್ಲಿ ಸಸಿಗಳನ್ನು ನೆಡುತ್ತಿದ್ದರು. ಹಿಂದಿನ ವರ್ಷದ ಸಸಿಯು ಬೇಸಗೆಯಲ್ಲಿ ಒಣಗಿ ಹೋಗಿರುತ್ತಿದ್ದುದರಿಂದ ಹೊಸದಾಗಿ ಗುಂಡಿ ತೋಡುವ ಶ್ರಮವು ತಪ್ಪುತ್ತಿತ್ತು. ನೆಟ್ಟ ಸಸಿಗಳ ಲೆಕ್ಕವು ವರದಿಯಲ್ಲಿ ಬರುತ್ತಿತ್ತು. ಉಳಿದ ಸಸಿಗಳ ಲೆಕ್ಕವನ್ನು ಕೇಳುವವರೇ ಇರಲಿಲ್ಲ. ಇಂತಹ ಉತ್ಸವವನ್ನು ನೋಡಿದ ಬಾಲಕನು ಕಲಿಯುವ ಪಾಠವು ಯಾವುದು? ಸಸಿಯನ್ನು ನೆಡುವುದು ಒಂದು ದಿನದ ಶಾಸ್ತ್ರ, ಮರುದಿನ ಅದರ ಯೋಚನೆ ಬೇಡ, ಎಂಬುದೇ ಅಲ್ಲವೆ? ಪುಸ್ತಕದ ಪಾಠದ ಗತಿಯೂ ಇದಕ್ಕಿಂತ ಉತ್ತಮವಾಗಿಲ್ಲ. ಪರಿಸರವೆಂದರೇನೆಂಬ ಪ್ರಶ್ನೆಗೆ ನಾಲ್ಕು ಸಾಲಿನ ಉತ್ತರವನ್ನು ತಪ್ಪಿಲ್ಲದೆ ಒಪ್ಪಿಸುವ ಹುಡುಗನು, ತನ್ನ ಮನೆಯ ಮುಂದೆ ನಿಂತಿರುವ ಮರವು ಹೊಂಗೆಯೋ ಬೇವೋ ಎಂದು ಕೇಳಿದರೆ ಮುಖ ನೋಡುತ್ತಾನೆ. ಹೆಸರು ತಿಳಿಯದವರೊಡನೆ ಸ್ನೇಹ ಬೆಳೆಯುವುದು ಹೇಗೆ? ಸ್ನೇಹವಿಲ್ಲದುದನ್ನು ಕಾಯುವವರು ಯಾರು?

ಆದುದರಿಂದ ಈ ಶಿಕ್ಷಣವು ಮನೆಯಲ್ಲಿಯೇ ಆರಂಭವಾಗಬೇಕು, ಪರಿಚಯದಿಂದಲೇ ಆರಂಭವಾಗಬೇಕು. ಕಾಳಿದಾಸ ಮಹಾಕವಿಯ ಶಾಕುಂತಲ ನಾಟಕದ ಮೊದಲನೆಯ ಅಂಕದಲ್ಲಿ ಆಶ್ರಮದ ಕನ್ಯೆಯರು ಗಿಡಗಳಿಗೆ ನೀರೆರೆಯಲು ಬರುವರಷ್ಟೆ. ಆಗ ಅವರ ಕೈಯಲ್ಲಿರುವ ಕೊಡಗಳು ಅವರವರ ಮೈಕಟ್ಟಿಗೆ ತಕ್ಕ ಅಳತೆಯವು. ಕವಿಯು ಬಾಯಿಮಾತಿಗೆಂಬಂತೆ ಹೇಳಿದ ಈ ಸಣ್ಣ ವಿಷಯದಲ್ಲಿ ದೊಡ್ಡದೊಂದು ಶಿಕ್ಷಣಸೂತ್ರವು ಅಡಗಿದೆ. ಮಗುವಿಗೆ ಅದರ ಶಕ್ತಿಗೆ ತಕ್ಕ ಕೆಲಸವನ್ನೇ ಕೊಡಬೇಕು, ಆದರೆ ನಿಜವಾದ ಕೆಲಸವನ್ನು ಕೊಡಬೇಕು. ಈ ಸೂತ್ರವನ್ನು ಅನುಸರಿಸಿ, ವಯಸ್ಸಿಗೆ ತಕ್ಕ ಮೂರು ಮೆಟ್ಟಿಲುಗಳನ್ನು ಇಲ್ಲಿ ನಿವೇದಿಸುತ್ತೇವೆ.

ಮೊದಲನೆಯದು, ಅರಿಯುವುದು. ಆರರಿಂದ ಹತ್ತು ವರ್ಷದೊಳಗಿನ ಮಕ್ಕಳಿಗೆ ಇದು ತಕ್ಕುದು. ಮಗುವು ತನ್ನ ಮನೆಯ ಸಮೀಪದಲ್ಲಿ ಒಂದು ಮರವನ್ನು ತಾನೇ ಆರಿಸಿಕೊಳ್ಳಲಿ. ವಾರಕ್ಕೊಮ್ಮೆ, ಭಾನುವಾರ ಬೆಳಿಗ್ಗೆ, ತಂದೆಯೋ ತಾಯಿಯೋ ಅಜ್ಜನೋ ಕೈಹಿಡಿದು ಅಲ್ಲಿಗೆ ಕರೆದೊಯ್ಯಲಿ. ಎಲೆ ಚಿಗುರಿದೆಯೇ, ಹಣ್ಣಾಗಿ ಉದುರುತ್ತಿದೆಯೇ, ಮೊಗ್ಗು ಕಾಣುತ್ತಿದೆಯೇ, ಕಾಯಿ ಬಲಿತಿದೆಯೇ, ಯಾವ ಹಕ್ಕಿ ಬಂದಿತ್ತು, ಎಂಬ ಐದು ಸಂಗತಿಗಳನ್ನು ಒಂದು ಹಳೆಯ ನೋಟುಪುಸ್ತಕದ ಉಳಿದ ಹಾಳೆಗಳಲ್ಲಿ ತಾರೀಖು ಹಾಕಿ ಬರೆಯಿಸಬೇಕು. ಹೊಂಗೆಯ ಮರವನ್ನು ಆರಿಸಿಕೊಂಡ ಮಗುವು ಮಾಗಿಯ ಕೊನೆಯಲ್ಲಿ ಎಲೆಯುದುರುವುದನ್ನೂ, ಯುಗಾದಿಯ ಆಸುಪಾಸಿನಲ್ಲಿ ಎಣ್ಣೆ ಸವರಿದಂತೆ ಹೊಳೆಯುವ ಚಿಗುರನ್ನೂ, ಬಳಿಕ ನೆಲದ ಮೇಲೆ ಹಾಸಿದಂತೆ ಬೀಳುವ ನಸುನೇರಿಳೆಯ ಹೂಗಳನ್ನೂ ಕಾಣುವುದು. ಒಂದು ವರ್ಷ ಕಳೆಯುವುದರೊಳಗೆ ಆ ಮರವು ಮಗುವಿನ ನಂಟನಾಗುತ್ತದೆ. ಇದು ಕೇವಲ ಮಕ್ಕಳಾಟವೆಂದು ಯಾರೂ ತಿಳಿಯಬಾರದು. ೨೦೧೦ರ ಸುಮಾರಿನಿಂದ ಸೀಸನ್‌ವಾಚ್ ಎಂಬ ಹೆಸರಿನಲ್ಲಿ ನಡೆದು ಬಂದಿರುವ ಕಾರ್ಯದಲ್ಲಿ ದೇಶದ ನಾನಾ ಕಡೆಯ ಶಾಲಾಬಾಲಕರು ಇದೇ ರೀತಿ ಮರಗಳ ಚಿಗುರು, ಹೂವು, ಹಣ್ಣುಗಳ ವಿವರವನ್ನು ವಾರವಾರವೂ ಬರೆದು ಕಳುಹಿಸುತ್ತಾರೆ. ಋತುಗಳ ನಡೆಯು ವ್ಯತ್ಯಾಸವಾಗುತ್ತಿರುವುದನ್ನು ಅರಿಯಲು ವಿಜ್ಞಾನಿಗಳಿಗೆ ಇಂತಹ ಲೆಕ್ಕಗಳು ಬೇಕಾಗಿವೆ.

ಅತ್ತಿಯ ಹಣ್ಣನ್ನು ಒಡೆದು ನೋಡಿದರೆ ಹುಳುವೇ ಎಂದು ನಮ್ಮ ಹಿರಿಯರು ಗಾದೆ ಕಟ್ಟಿದರು. ಅಂತರಂಗ ಕೆಟ್ಟವರನ್ನು ಕುರಿತು ಆ ಮಾತನ್ನು ಬಳಸುವುದು ವಾಡಿಕೆ. ಮಕ್ಕಳು ಅದೇ ಅತ್ತಿಯನ್ನು ಒಡೆದು ನೋಡಲಿ. ನಾವು ಹಣ್ಣೆನ್ನುವುದರ ಒಳಗೋಡೆಯ ಮೇಲೆ ಸಾಸಿವೆಗಿಂತಲೂ ಸಣ್ಣ ಹೂಗಳು ಒತ್ತೊತ್ತಾಗಿ ಇರುತ್ತವೆ. ತುದಿಯ ಕಿರುರಂಧ್ರದಿಂದ ಒಳಹೊಕ್ಕ ಸಣ್ಣ ಕಣಜವೊಂದು ತಾನು ತಂದ ಪರಾಗವನ್ನು ಆ ಹೂಗಳಿಗೆ ಮುಟ್ಟಿಸಿ ಅಲ್ಲಿಯೇ ಮೊಟ್ಟೆಯಿಡುತ್ತದೆ. ಅದರ ಮರಿಗಳು ಬೆಳೆದು, ಪರಾಗವನ್ನು ಹೊತ್ತು ಮತ್ತೊಂದು ಅತ್ತಿಗೆ ಹಾರುತ್ತವೆ. ಆ ಹುಳುವಿಲ್ಲದಿದ್ದರೆ ಅತ್ತಿಗೆ ಬೀಜವಿಲ್ಲ. ಅತ್ತಿಯಿಲ್ಲದಿದ್ದರೆ ಆ ಹುಳುವಿಗೆ ಬಾಳಿಲ್ಲ. ಆಲ, ಅರಳಿ, ಬಸರಿಗಳ ವಿಷಯವೂ ಹೀಗೆಯೇ. ಬೇರೆ ಮರಗಳಲ್ಲಿ ಹಣ್ಣಿಲ್ಲದ ಕಾಲದಲ್ಲಿಯೂ ಈ ಜಾತಿಯ ಮರಗಳಲ್ಲಿ ಒಂದಲ್ಲ ಒಂದು ಹಣ್ಣು ಬಿಟ್ಟಿರುವುದರಿಂದ ಹಕ್ಕಿಗಳೂ ಬಾವಲಿಗಳೂ ಅಳಿಲುಗಳೂ ಇವನ್ನೇ ನಂಬಿಕೊಂಡಿರುತ್ತವೆ. ಒಂದು ಆಲದ ಮರವನ್ನು ಕಡಿದರೆ ಎಷ್ಟು ಜೀವಗಳ ಅನ್ನಕ್ಕೆ ಕೊಡಲಿ ಹಾಕಿದಂತಾಯಿತೆಂಬುದು ಇದನ್ನು ಕಣ್ಣಾರೆ ಕಂಡ ಮಗುವಿಗೆ ಉಪನ್ಯಾಸವಿಲ್ಲದೆಯೇ ತಿಳಿಯುವುದು.

ಎರಡನೆಯದು, ಬೆಳೆಸುವುದು. ಹತ್ತರಿಂದ ಹದಿನಾಲ್ಕು ವರ್ಷದ ಮಕ್ಕಳ ಕೈಗೆ ಬೀಜವನ್ನು ಕೊಡಬೇಕು. ಈ ವಿದ್ಯೆಯಲ್ಲಿ ಉತ್ತರಕನ್ನಡ ಜಿಲ್ಲೆಯ ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡರನ್ನು ಮೀರಿಸಿದವರು ವಿರಳ. ಹಾಲಕ್ಕಿ ಒಕ್ಕಲಿಗರ ಬಡಕುಟುಂಬದಲ್ಲಿ ಹುಟ್ಟಿದ ಆ ತಾಯಿ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಎಳವೆಯಲ್ಲಿಯೇ ತಾಯಿಯೊಡನೆ ಸಸ್ಯಪಾಲನೆಯ ಕೂಲಿಗೆ ಹೋಗಿ, ಮುಂದೆ ಅರಣ್ಯ ಇಲಾಖೆಯ ಸಸ್ಯಕ್ಷೇತ್ರದಲ್ಲಿ ಬಹುಕಾಲ ದುಡಿದರು. ಕಾಡಿನಲ್ಲಿ ಯಾವುದು ತಾಯಿಮರ, ಅದರ ಬೀಜವನ್ನು ಯಾವಾಗ ಆರಿಸಬೇಕು, ಹೇಗೆ ಮೊಳೆಯಿಸಬೇಕು ಎಂಬುದು ಅವರಿಗೆ ಕರತಲಾಮಲಕವಾಗಿತ್ತು. ೨೦೨೧ರಲ್ಲಿ ಅವರು ಬರಿಗಾಲಿನಲ್ಲಿ ರಾಷ್ಟ್ರಪತಿಗಳ ಮುಂದೆ ನಡೆದು ಪದ್ಮಶ್ರೀ ಪ್ರಶಸ್ತಿಯನ್ನು ಸ್ವೀಕರಿಸಿದುದನ್ನು ನಾಡೆಲ್ಲ ನೋಡಿತು. ೨೦೨೪ರ ಡಿಸೆಂಬರ್ ತಿಂಗಳಿನಲ್ಲಿ ಅವರು ತೀರಿಕೊಂಡರು. ಪುಸ್ತಕದಲ್ಲಿ ಬರೆದಿಡದ ಇಂತಹ ವಿದ್ಯೆಯು ಹಿರಿಯರೊಡನೆಯೇ ಮುಗಿದುಹೋಗಬಾರದೆಂದಿದ್ದರೆ ಅದನ್ನು ಮಕ್ಕಳ ಕೈಗೆ ದಾಟಿಸುವುದೊಂದೇ ಉಪಾಯ.

ಪ್ರತಿಯೊಂದು ಮನೆಯಲ್ಲಿಯೂ ಮಾಡಬಹುದಾದ ಕ್ರಮವನ್ನು ಹೇಳುತ್ತೇವೆ. ಮುಂಗಾರಿನಲ್ಲಿ ನೇರಿಳೆಯ ಹಣ್ಣನ್ನು ತಿಂದ ಮೇಲೆ ಬೀಜಗಳನ್ನು ತೊಳೆದು ಅದೇ ವಾರದಲ್ಲಿ ಬಿತ್ತಬೇಕು. ನೇರಿಳೆಯದೂ ಬೇವಿನದೂ ಬಹುದಿನ ಇಟ್ಟರೆ ಮೊಳೆಯುವ ಶಕ್ತಿಯನ್ನು ಕಳೆದುಕೊಳ್ಳುವ ಬೀಜಗಳು. ಹುಣಸೆಯ ಬೀಜಕ್ಕಾದರೋ ಇಂತಹ ಅವಸರವಿಲ್ಲ. ಸಿಪ್ಪೆಯು ಗಟ್ಟಿಯಾದುದರಿಂದ ಬಿತ್ತುವ ಮುನ್ನ ಒಂದು ರಾತ್ರಿ ನೀರಿನಲ್ಲಿ ನೆನೆಹಾಕಿದರಾಯಿತು. ಹಾಲಿನ ಖಾಲಿ ಚೀಲದ ತಳದಲ್ಲಿ ನಾಲ್ಕು ರಂಧ್ರ ಮಾಡಿ, ಮಣ್ಣು, ಮರಳು, ಹಳೆಯ ಗೊಬ್ಬರ ಮೂರನ್ನೂ ಬೆರೆಸಿ ತುಂಬಿ, ಬೆರಳಿನ ಒಂದು ಗೆಣ್ಣಿನ ಆಳದಲ್ಲಿ ಬೀಜವಿಟ್ಟು ದಿನವೂ ಹದವಾಗಿ ನೀರು ಚಿಮುಕಿಸಬೇಕು. ನೇರಿಳೆಯ ಒಂದೇ ಬೀಜದಿಂದ ಎರಡು ಮೂರು ಮೊಳಕೆಗಳು ಬರುವುದುಂಟು. ಇದನ್ನು ಕಂಡ ಮಗುವಿನ ಮುಖವನ್ನು ತಾಯಂದಿರು ನೋಡಬೇಕು! ಸಸಿಯನ್ನು ಒಂದು ವರ್ಷ ಮನೆಯಲ್ಲಿ ಸಾಕಿ, ಮರುವರ್ಷದ ಮೊದಲ ಹದಮಳೆಯಾದ ಮೇಲೆ ಒಂದೂವರೆ ಅಡಿ ಆಳದ ಗುಂಡಿಯಲ್ಲಿ ನೆಟ್ಟು ಮುಳ್ಳುಬೇಲಿ ಕಟ್ಟಬೇಕು. ಬುಡದಲ್ಲಿ ತರಗೆಲೆಯನ್ನು ಹೊದಿಸಿದರೆ ತೇವವು ಬೇಗನೆ ಆರುವುದಿಲ್ಲ. ತರಗನ್ನು ಗುಡಿಸಿ ಸುಡುವ ಅಭ್ಯಾಸವನ್ನು ಮನೆಯವರು ಬಿಟ್ಟು, ಅಂಗಳದ ಮೂಲೆಯಲ್ಲಿ ಗುಂಡಿಯೊಂದನ್ನು ತೋಡಿ ಅಡುಗೆಮನೆಯ ಸಿಪ್ಪೆ ಸೊಪ್ಪುಗಳನ್ನೂ ಅಲ್ಲಿಯೇ ಹಾಕಿದರೆ ಗೊಬ್ಬರಕ್ಕೆ ಹಣ ತೆರಬೇಕಾದುದಿಲ್ಲ.

ನೆಟ್ಟ ನಂತರದ ಎರಡು ಬೇಸಗೆಗಳೇ ಸಸಿಗೆ ಗಂಡಾಂತರದ ಕಾಲ. ಇದಕ್ಕಾಗಿ ಪಾಠಶಾಲೆಗಳಲ್ಲಿ ಮಕ್ಕಳಿಗಿರುವಂತೆ ಗಿಡಗಳಿಗೂ ಒಂದು ಹಾಜರಿ ಪುಸ್ತಕವಿರಬೇಕೆಂದು ನಮ್ಮ ಸೂಚನೆ. ಒಂದೊಂದು ಗಿಡಕ್ಕೆ ಇಬ್ಬಿಬ್ಬರು ಹೊಣೆಗಾರರು. ಶನಿವಾರ ಶನಿವಾರ ಹೆಸರು ಕೂಗಬೇಕು. ಹೊಣೆಗಾರರು ಗಿಡದ ಪರವಾಗಿ ಉತ್ತರ ಕೊಡಬೇಕು. ರಜೆಯ ದಿನಗಳಲ್ಲಿ ನೀರೆರೆಯುವವರು ಯಾರೆಂಬುದನ್ನು ರಜೆಗೆ ಮುಂಚೆಯೇ ಬರೆದಿಡಬೇಕು. ನೂರು ಸಸಿ ನೆಟ್ಟು ಮೂರನ್ನು ಉಳಿಸಿಕೊಂಡ ಶಾಲೆಗಿಂತ ಹತ್ತು ನೆಟ್ಟು ಒಂಬತ್ತನ್ನು ಉಳಿಸಿಕೊಂಡ ಶಾಲೆಯೇ ಬಹುಮಾನಕ್ಕೆ ಅರ್ಹವೆಂದು ಮೇಲಧಿಕಾರಿಗಳು ಗಣಿಸಿದ ದಿನ ಅಂಗಳಗಳು ತಾವಾಗಿಯೇ ಹಸುರಾಗುವುವು.

ಮೂರನೆಯದು, ಉಳಿಸುವುದು. ಇದು ಹದಿನಾಲ್ಕು ದಾಟಿದ ತರುಣ ತರುಣಿಯರ ಪಾಲು. ೧೯೮೩ರ ಸೆಪ್ಟೆಂಬರ್ ೮ರಂದು ಶಿರಸಿಯ ಬಳಿಯ ಸಾಲ್ಕಣಿಯ ಸುತ್ತಿನ ಜನರು ಕಾಡಿಗೆ ಹೋಗಿ, ಕಡಿಯಲು ಗುರುತು ಮಾಡಿದ್ದ ಮರಗಳನ್ನು ತಬ್ಬಿ ನಿಂತರು. ಊರಿನ ಯುವಕ ಮಂಡಲಿಯವರು ಈ ಕಾರ್ಯದ ಮುಂದಾಳುಗಳಾಗಿದ್ದರು; ಹೆಂಗಸರೂ ಮಕ್ಕಳೂ ಜೊತೆಗಿದ್ದರು. ೧೯೭೪ರಲ್ಲಿ ಹಿಮಾಲಯದ ರೇಣಿ ಗ್ರಾಮದಲ್ಲಿ ಗೌರಾದೇವಿಯೂ ಅವರ ಸಂಗಡಿಗ ಸ್ತ್ರೀಯರೂ ಮರಗಳಿಗೆ ಅಡ್ಡವಾಗಿ ನಿಂತು ಕಾಡನ್ನು ಕಾದ ಚಿಪ್ಕೊ ಚಳವಳಿಯು ಇವರಿಗೆ ಮೇಲ್ಪಂಕ್ತಿಯಾಗಿತ್ತು. ಕನ್ನಡದಲ್ಲಿ ಇದು ಅಪ್ಪಿಕೋ ಚಳವಳಿ ಎನ್ನಿಸಿತು. ಉಳಿಸು, ಬೆಳೆಸು, ಬಳಸು ಎಂಬ ಮೂರು ಮಾತುಗಳನ್ನು ಅವರು ತಮ್ಮ ಧ್ಯೇಯವಾಗಿಟ್ಟುಕೊಂಡರು. ಕಾಡಿನ ಸೊಪ್ಪು, ನೀರು, ಜೇನು, ಔಷಧಗಳ ಪ್ರಯೋಜನವನ್ನು ದಿನವೂ ಕಂಡುಂಡ ಜನರಾದುದರಿಂದಲೇ ಅವರಿಗೆ ಮರವನ್ನು ಅಪ್ಪುವ ಧೈರ್ಯ ಬಂದಿತೆಂಬುದನ್ನು ನಮ್ಮ ತರುಣರು ಮರೆಯಬಾರದು. ಆ ಮೂರು ಮಾತುಗಳ ಹಿಂದೆ ಹೇಳದೆ ನಿಂತಿರುವ ನಾಲ್ಕನೆಯದು ಅರಿ ಎಂಬುದೇ.

ಎಲ್ಲ ಕಡೆಯಲ್ಲಿಯೂ ಮರವನ್ನು ತಬ್ಬಿ ನಿಲ್ಲಬೇಕಾಗಿಲ್ಲ. ೧೯೭೬ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮವಿದೆ; ಅದು ಅನ್ವಯಿಸುವ ಪ್ರದೇಶಗಳಲ್ಲಿ ವೃಕ್ಷಾಧಿಕಾರಿಯ ಅನುಮತಿಯಿಲ್ಲದೆ ಮರ ಕಡಿಯುವುದು ಅಪರಾಧ. ಅದೇ ವರ್ಷದ ತಿದ್ದುಪಡಿಯಿಂದ ಕಾಡು, ಕೆರೆ, ನದಿ, ವನ್ಯಜೀವಿಗಳನ್ನು ರಕ್ಷಿಸುವುದು ಪ್ರಜೆಗಳ ಮೂಲಭೂತ ಕರ್ತವ್ಯವೆಂದು ನಮ್ಮ ಸಂವಿಧಾನದಲ್ಲಿ ಸೇರಿತು. ಬೀದಿಯ ಮರಕ್ಕೆ ಕೊಡಲಿ ಬಿದ್ದಾಗ ಜಗಳಕ್ಕೆ ನಿಲ್ಲದೆ, ಅನುಮತಿ ಪತ್ರವಿದೆಯೇ ಎಂದು ವಿನಯದಿಂದ ಕೇಳುವುದನ್ನೂ, ಇಲ್ಲದಿದ್ದರೆ ಅರಣ್ಯ ಇಲಾಖೆಗೋ ಪುರಸಭೆಗೋ ಸ್ಪಷ್ಟವಾದ ಮನವಿ ಬರೆಯುವುದನ್ನೂ ತರುಣರಿಗೆ ಹಿರಿಯರು ಕಲಿಸಬೇಕು. ಮರದ ಜಾತಿ, ಸುತ್ತಳತೆ, ಅದರಲ್ಲಿರುವ ಗೂಡುಗಳ ಸಂಖ್ಯೆ ಇವನ್ನೆಲ್ಲ ಬರೆದ ಮನವಿಗೆ ಬೆಲೆ ಹೆಚ್ಚು. ಎಳವೆಯಲ್ಲಿ ನೋಟುಪುಸ್ತಕವನ್ನು ಬರೆದವರಿಗೆ ಇದು ಕಷ್ಟವಾಗದು.

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನ ನಿದರ್ಶನವನ್ನು ಹೇಳಿ ಮುಗಿಸುತ್ತೇವೆ. ಅಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರೊಳಗಿನ ಹುಣಸೆ, ಅತ್ತಿ, ಅರಳಿಗಳ ಮೇಲೆಯೇ ಗೂಡು ಕಟ್ಟುತ್ತವೆ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಊರಿನವರು ಅವನ್ನು ಭಾವಿಸುತ್ತಾರೆ. ಗೂಡುಗಳಿರುವ ಮರದಲ್ಲಿ ಹುಣಸೆಯ ಫಸಲು ನಷ್ಟವಾಗುವುದರಿಂದ ಅರಣ್ಯ ಇಲಾಖೆಯು ಮರದ ಒಡೆಯರಿಗೆ ಪರಿಹಾರಧನವನ್ನು ಕೊಡುವ ಏರ್ಪಾಡು ಮಾಡಿತು. ಅಲ್ಲಿನ ತರುಣರು ಹೆಜ್ಜಾರ್ಲೆ ಬಳಗವೆಂಬ ಕೂಟವನ್ನು ಕಟ್ಟಿ, ಗೂಡಿನಿಂದ ಬಿದ್ದ ಮರಿಗಳಿಗೆ ಮೀನು ತಿನ್ನಿಸಿ ಸಾಕಿ, ಹಾರಲು ಬಂದ ಮೇಲೆ ಬಿಟ್ಟುಕೊಡುವ ಕೆಲಸವನ್ನು ಕೈಕೊಂಡರು. ಯಾವ ಪರೀಕ್ಷೆಯ ಅಂಕಕ್ಕಾಗಿಯೂ ಅವರು ಇದನ್ನು ಮಾಡಿದವರಲ್ಲ; ಬಾಲ್ಯದಿಂದ ಬಾಗಿಲಲ್ಲಿ ಕಂಡ ಹಕ್ಕಿಯು ನೆಲದ ಮೇಲೆ ಬಿದ್ದು ಸಾಯುವುದನ್ನು ನೋಡಲಾರದೆ ಮಾಡಿದರು.

ಗಿಡವಾಗಿ ಬಗ್ಗದುದು ಮರವಾಗಿ ಬಗ್ಗೀತೆ ಎಂಬ ಗಾದೆಯನ್ನು ನಾವು ಮಕ್ಕಳಿಗೆ ಬುದ್ಧಿ ಹೇಳುವಾಗ ಆಡುತ್ತೇವೆ. ಅದು ಹಿರಿಯರಿಗೂ ಎಚ್ಚರಿಕೆಯ ಮಾತು. ಇಂದು ಮರದ ಹೆಸರನ್ನರಿಯದೆ ಬೆಳೆದ ಮಗುವು ನಾಳೆ ಗೃಹಸ್ಥನಾದಾಗ, ತನ್ನ ಊರಿನಿಂದ ಯಾವ ಮರ, ಯಾವ ಹಕ್ಕಿ ಕಣ್ಮರೆಯಾಯಿತೆಂಬುದನ್ನೂ ಅರಿಯದು. ಹೋದುದರ ಅರಿವೇ ಇಲ್ಲದವನು ಇರುವುದನ್ನು ಕಾಯುವನೆಂದು ನಂಬುವುದು ಹೇಗೆ? ವಾಚಕರ ಮನೆಗಳಲ್ಲಿ ಹಣ ಖರ್ಚಾಗತಕ್ಕ ಕೆಲಸವನ್ನು ನಾವು ಹೇಳಲಿಲ್ಲ. ವಾರಕ್ಕೆ ಅರ್ಧ ಘಂಟೆಯ ಕಾಲ, ಒಂದು ಹಳೆಯ ನೋಟುಪುಸ್ತಕ, ಒಂದು ಹಿಡಿ ನೇರಿಳೆಯ ಬೀಜ, ಮಗುವಿನ ಕೈಗೆ ತಕ್ಕ ಒಂದು ಚೊಂಬು, ಇಷ್ಟು ಸಾಕು. ಬರುವ ಭಾನುವಾರ ಮನೆಯ ಮಕ್ಕಳನ್ನು ಕರೆದುಕೊಂಡು ಬೀದಿಯ ಮೊದಲನೆಯ ಮರದವರೆಗೆ ಹೋಗಿ, ಅದರ ಹೆಸರನ್ನು ಕೇಳಿರಿ. ತಿಳಿಯದಿದ್ದರೆ ಹೇಳಿಕೊಡಿರಿ, ತಮಗೂ ತಿಳಿಯದಿದ್ದರೆ ನೆರೆಮನೆಯ ಅಜ್ಜಿಯನ್ನು ಕೇಳಿ ಇಬ್ಬರೂ ಕೂಡಿ ಕಲಿಯಿರಿ.