ಲೇಸರ್‌ಗೆ ಹೊರಡುವ ಮುನ್ನ

ಗದ್ದದ ಮೇಲೆ ನಾಲ್ಕು ಕೂದಲು ಮೂಡಿದರೆ ಹೆಣ್ಣುಮಕ್ಕಳಿಗಾಗುವ ಸಂಕಟ ನಿಮಗೂ ಗೊತ್ತು, ಅಲ್ಲವೇ? ವಿದ್ಯಾರಣ್ಯಪುರಂನ ನಮ್ಮ ಮನೆಯಲ್ಲೂ ಫೋಟೋ ಎಂದರೆ ಮಗಳು ಒಳಗೆ ಓಡುತ್ತಿದ್ದಳು. ಮದುವೆಗೆ ಮುಂಚೆ ಲೇಸರ್ ಮಾಡಿಸೋಣವೆಂದು ಚರ್ಮವೈದ್ಯರ ಬಳಿ ಹೋದೆವು. 'ನೀಟಾಗಿ ಹೋಗು' ಅಂತ ಹಿಂದಿನ ದಿನ ಥ್ರೆಡಿಂಗ್ ಮಾಡಿಸಿದವಳು ನಾನೇ! "ಬೇರೇ ಕಿತ್ತು ಬಂದರೆ ಲೇಸರ್ ಯಾವುದನ್ನಮ್ಮಾ ಸುಡಬೇಕು?" ಎಂದು ವೈದ್ಯರು ವಾಪಸು ಕಳಿಸಿದರು.

ಕೂದಲಿನ ಕಪ್ಪು ಬೆಳಕನ್ನು ಹೀರಿ ಬಿಸಿಯಾದರೆ ತಾನೇ ಬೇರು ಸೊರಗುವುದು? ಆದ್ದರಿಂದ 4 ವಾರ ಮೊದಲೇ ಥ್ರೆಡಿಂಗ್, ವ್ಯಾಕ್ಸ್, ಪ್ಲಕ್ಕರ್ ನಿಲ್ಲಿಸಿ. ಹಿಂದಿನ ದಿನ ರೇಜರಿನಿಂದ ತೆಗೆಯಬಹುದು, ಬೇರು ಉಳಿಯುತ್ತದೆ. ಅದರಿಂದ ಕೂದಲು ದಪ್ಪವಾಗುತ್ತೆ ಅನ್ನೋದು ಸುಳ್ಳು. ಬ್ಲೀಚ್ ಬೇಡ. ಹಪ್ಪಳ ಒಣಗಿಸಲು ಬಿಸಿಲಲ್ಲಿ ಕೂರಬೇಡಿ. ಕಪ್ಪಾದ ಚರ್ಮವೂ ಬೆಳಕು ಹೀರಿ ಸುಟ್ಟೀತು. ನಮ್ಮ ಕಂದು ಮೈಬಣ್ಣಕ್ಕೆ 1064 ನ್ಯಾನೋಮೀಟರಿನ ಎನ್‌ಡಿ-ಯಾಗ್ ಲೇಸರ್ ಹೆಚ್ಚು ಸುರಕ್ಷಿತ. ಮೊದಲು ಒಂದು ಚಿಕ್ಕ ಜಾಗದಲ್ಲಿ ಪರೀಕ್ಷಿಸಲು ಕೇಳಿ. ನುಂಗುವ ಮಾತ್ರೆ, ಬಸಿರು ಯಾವುದನ್ನೂ ಮುಚ್ಚಿಡಬೇಡಿ. ಬೆಳ್ಳಗಾದ ಕೂದಲಿಗೆ ಲೇಸರ್ ನಾಟದು.

ಮುಟ್ಟು ಏರುಪೇರಾಗಿದ್ದರೆ ಮೊದಲು ರಕ್ತಪರೀಕ್ಷೆ ಆಗಲಿ. ಪಿ.ಸಿ.ಓ.ಡಿ.ಗೆ ಮದ್ದು ಮಾಡದಿದ್ದರೆ ಕೂದಲು ಮತ್ತೆ ಬಂದೀತು. ತಿಂಗಳಿಗೊಮ್ಮೆಯಂತೆ ಸಾಮಾನ್ಯವಾಗಿ 6–8 ಸಲ ಬೇಕು; ಲಗ್ನಪತ್ರಿಕೆ ಅಚ್ಚಾದ ಮೇಲೆ ಹೊರಟರೆ ಆಗದು.

ನನ್ನ ಮಗಳಿಗೆ ಇನ್ನೂ ಮೂರು ಸಲ ಬಾಕಿ. ಮೊನ್ನೆ ಹಬ್ಬಕ್ಕೆ ಮಾತ್ರ ಫೋಟೋಗೆ ತಾನೇ ಬಂದು ಪಕ್ಕದಲ್ಲಿ ನಿಂತಳು.